ಒತ್ತಿದ್ದೆಲ್ಲಾ ಎಲ್ಲಿ ಹೋಯ್ತು? ಪುಟ್ಟ ಮಕ್ಕಳ ಕೈಗೆ ಕೊಡುವ ತಂತ್ರಜ್ಞಾನದ ಬಗ್ಗೆ

ಅಕ್ಕನ ಮಗಳಿಗೆ ಐದು ವರ್ಷ. ಬೇಸಿಗೆ ರಜೆಗೆ ಬಂದಾಗ ಅವಳ ಕೈಗೆ ಒಂದು ಬೀ-ಬಾಟ್ ಕೊಟ್ಟೆ. ಹಳದಿ ಮೈ, ಕಪ್ಪು ಪಟ್ಟೆ, ಜೇನುಹುಳದಂಥ ಪುಟ್ಟ ರೋಬೋ. ಬ್ರಿಟನ್ನಿನ ಚಿಕ್ಕ ಮಕ್ಕಳ ತರಗತಿಗಳಲ್ಲಿ ಇದು ತುಂಬಾ ಸಾಮಾನ್ಯ. ಬೆನ್ನ ಮೇಲೆ ನಾಲ್ಕು ಬಾಣ: ಮುಂದೆ ಹೋಗು, ಹಿಂದೆ ಹೋಗು, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ನಡುವೆ ಹಸಿರು ‘ಗೋ’ ಬಟನ್. ಬೇಕಾದ ಬಾಣಗಳನ್ನು ಒಂದಾದ ಮೇಲೊಂದು ಒತ್ತಿ ಕೊನೆಗೆ ‘ಗೋ’ ಒತ್ತಿದರೆ, ಹೇಳಿದ ಕ್ರಮದಲ್ಲೇ ಹುಳ ಹೊರಡುತ್ತದೆ. ಸ್ಕ್ರೀನ್ ಇಲ್ಲ. ಓದು ಬರಹ ಬೇಕಿಲ್ಲ.

ನಮ್ಮ ಪಡಸಾಲೆಗೆ ಒಂದಡಿಯ ಟೈಲ್ಸ್ ಹಾಕಿದ್ದಾರೆ. ಹುಳವನ್ನು ಗೆರೆಯ ಮೇಲೆ ನಿಲ್ಲಿಸಿ, ಮೂರು ಟೈಲ್ ಆಚೆ ಒಂದು ಮಾವಿನಹಣ್ಣು ಇಟ್ಟು, ‘ಅಲ್ಲಿಗೆ ಕಳಿಸು ನೋಡೋಣ’ ಅಂದೆ. ಅವಳು ಬೆರಳಿಟ್ಟು ಟೈಲ್ ಎಣಿಸಿದಳು. ಮೂರು ಸಲ ‘ಮುಂದೆ’ ಒತ್ತಿದಳು. ಹುಳ ಎರಡನೇ ಟೈಲಿನ ಮಧ್ಯದಲ್ಲಿ ನಿಂತು, ಕಣ್ಣು ಮಿನುಗಿಸಿ, ಕೆಲಸ ಮುಗೀತು ಅಂದಿತು.

‘ಇದಕ್ಕೆ ಎಣಿಸೋಕೇ ಬರಲ್ಲ ಮಾಮ.’

ಪಾಪ, ಎಣಿಸಿದ್ದರಲ್ಲಿ ಇಬ್ಬರದ್ದೂ ತಪ್ಪಿರಲಿಲ್ಲ. ಬೀ-ಬಾಟಿನ ಒಂದು ಹೆಜ್ಜೆ 15 ಸೆಂಟಿಮೀಟರ್. ನಮ್ಮ ಟೈಲ್ ಅದರ ಎರಡರಷ್ಟು. ಅವಳ ಅಣ್ಣನ ಜಾಮಿಟ್ರಿ ಬಾಕ್ಸಿನ ಸ್ಕೇಲು ಸರಿಯಾಗಿ 15 ಸೆಂಟಿಮೀಟರ್ ಇತ್ತು. ಅದನ್ನಿಟ್ಟು ಚಾಕ್‌ಪೀಸಿನಲ್ಲಿ ಚೌಕಾಬಾರದ ಹಾಗೆ ಐದು ಸಾಲು, ಐದು ಮನೆ ಬರೆದೆ. ಅಲ್ಲಿಗೆ ಒಂದು ಜಗಳ ಮುಗಿಯಿತು.

ಎರಡನೇ ಜಗಳ ಎಡ-ಬಲದ್ದು. ಪಕ್ಕದ ಮನೆಗೆ ಹೋಗಬೇಕು ಅಂತ ‘ಎಡ’ ಒತ್ತಿದಳು. ಹುಳ ನಿಂತಲ್ಲೇ ಎಡಕ್ಕೆ ತಿರುಗಿ ಸುಮ್ನೆ ನಿಂತಿತು. ಎಡ ಅಂದರೆ ಎಡಗಡೆ ಹೋಗು ಅಂತ ಅವಳ ಲೆಕ್ಕ, ಎಡಗಡೆ ಮುಖ ಮಾಡು ಅಂತ ಹುಳದ ಲೆಕ್ಕ. ಬೀ-ಬಾಟ್ ಬಳಸುವ ಟೀಚರುಗಳೆಲ್ಲ ಈ ಗೊಂದಲವನ್ನು ನೋಡಿರುತ್ತಾರೆ. ಹುಳ ನಮ್ಮ ಕಡೆ ಮುಖ ಮಾಡಿ ನಿಂತರಂತೂ ಅದರ ಎಡ ನಮ್ಮ ಬಲ. ಬಾಯಲ್ಲಿ ಎಷ್ಟು ಹೇಳಿದರೂ ಆಗಲಿಲ್ಲ. ಅವಳನ್ನೇ ಮನೆಯೊಳಗೆ ನಿಲ್ಲಿಸಿ, ‘ನೀನೇ ಹುಳ, ತಿರುಗು, ಈಗ ಒಂದು ಹೆಜ್ಜೆ’ ಅಂದಾಗ ಎರಡೇ ನಿಮಿಷ ಸಾಕಾಯಿತು.

ಮೂರನೆಯದು ದೊಡ್ಡ ಜಗಳ. ಆರು ಬಟನ್ ಒತ್ತಿ ಕಳಿಸಿದಳು. ಹುಳ ಎಲ್ಲೋ ತಪ್ಪು ಮನೆಗೆ ಹೋಯಿತು. ಎತ್ತಿಕೊಂಡು ಬಂದು ಹೊಸದಾಗಿ ಆರು ಬಟನ್ ಒತ್ತಿದಳು. ಈ ಸಲ ಹುಳ ಹಳೆಯ ಆರನ್ನು ಮಾಡಿ, ಅದರ ಹಿಂದೆಯೇ ಹೊಸ ಆರನ್ನೂ ಮಾಡಿ, ಸೋಫಾದ ಅಡಿಗೆ ಹೋಗಿ ಸೇರಿತು. ಹಳೆಯದನ್ನು ಅಳಿಸಲು ಬೇರೆ ಬಟನ್ ಇದೆ. ಅದನ್ನು ಒತ್ತದಿದ್ದರೆ ಹೇಳಿದ್ದೆಲ್ಲ ಒಳಗೇ ಪೇರಿಸಿಕೊಳ್ಳುತ್ತಾ ಹೋಗುತ್ತದೆ. ನಾನು ಅವಳನ್ನು ಕೇಳಿದೆ: ‘ಮೊದಲನೇ ಸಲ ಏನೇನು ಒತ್ತಿದ್ದೆ?’ ಅವಳು ಹುಳವನ್ನು ಮಗುಚಿ ಹೊಟ್ಟೆ ನೋಡಿದಳು. ಅಲ್ಲಿ ಬ್ಯಾಟರಿ ಮುಚ್ಚಳ ಇತ್ತು, ಅಷ್ಟೇ.

ಅವಳು ಹುಡುಕಿದ್ದು ಸರಿಯಾದದ್ದನ್ನೇ. ಒತ್ತಿದ್ದೆಲ್ಲಾ ಎಲ್ಲಿ ಹೋಯ್ತು? ಪುಟ್ಟ ಮಕ್ಕಳಿಗಾಗಿ ಮುಟ್ಟಿ ಆಡುವ ಯಂತ್ರ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಅಂತ ನನಗನ್ನಿಸುತ್ತದೆ. ಯಾವ ಚಿಪ್, ಯಾವ ಸೆನ್ಸರ್ ಅನ್ನೋದೆಲ್ಲ ಆಮೇಲೆ. ಮಗು ಮಾಡಿದ ಯೋಚನೆ ಮಗುವಿನ ಕಣ್ಣೆದುರು ಉಳಿಯುತ್ತದಾ, ಇಲ್ಲ ಪೆಟ್ಟಿಗೆಯೊಳಗೆ ಮಾಯವಾಗುತ್ತದಾ? ಮಾಯವಾದರೆ ತಪ್ಪು ಹುಡುಕೋಕೆ ಏನೂ ಉಳಿಯಲ್ಲ. ಐದು ವರ್ಷದ ಮಗು ಆರು ಹೆಜ್ಜೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅದರಲ್ಲಿ ನಾಲ್ಕನೆಯದನ್ನು ಮಾತ್ರ ಬದಲಿಸುವುದು ಕಷ್ಟ. ನಮಗೂ ಫೋನ್ ನಂಬರ್ ಹಿಂದಿನಿಂದ ಹೇಳು ಅಂದರೆ ಕಷ್ಟ, ಅಲ್ವಾ?

ಈ ಪ್ರಶ್ನೆಗೆ ಸುಮಾರು 50 ವರ್ಷದ ಹಿಂದೆಯೇ ಒಬ್ಬ ವಿದ್ಯಾರ್ಥಿನಿ ಉತ್ತರ ಕಟ್ಟಿ ತೋರಿಸಿದ್ದಳು.

ಕಥೆ ಅಮೆರಿಕದ್ದು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೋರ್‌ಝೈಗ್ ಮತ್ತು ಜೊತೆಗಾರರು ಮಕ್ಕಳಿಗಾಗಿ ‘ಲೋಗೋ’ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಸ್ವಲ್ಪ ವರ್ಷಗಳಲ್ಲಿ ಅದಕ್ಕೊಂದು ‘ಆಮೆ’ ಬಂತು. ನೆಲದ ಮೇಲೆ ಓಡಾಡಿ, ಹೊಟ್ಟೆಯಲ್ಲಿದ್ದ ಪೆನ್ನಿನಿಂದ ಗೆರೆ ಎಳೆಯುವ ರೋಬೋ. ‘ಮುಂದೆ 50’, ‘ಬಲಕ್ಕೆ 90’ ಅಂತ ಟೈಪ್ ಮಾಡಿದರೆ ಆಮೆ ಹಾಗೇ ಮಾಡುತ್ತಿತ್ತು. ಪ್ಯಾಪರ್ಟ್ ಅವರಿಗೆ ಆಮೆಯಲ್ಲಿ ಮುಖ್ಯ ಅನ್ನಿಸಿದ್ದು ಅದಕ್ಕೊಂದು ಮುಖ, ಒಂದು ದಿಕ್ಕು ಇರುವುದು. ಹಾಗಾಗಿ ಮಗು ತಾನೇ ಆಮೆಯಾಗಿ ನಡೆದು ನೋಡಬಹುದು. ವೃತ್ತ ಬರೆಯೋದು ಹೇಗೆ ಅಂತ ಗೊತ್ತಾಗದಿದ್ದರೆ ಎದ್ದು ನಿಂತು ಸುತ್ತು ಹಾಕಬೇಕು: ಸ್ವಲ್ಪ ಮುಂದೆ, ಸ್ವಲ್ಪ ತಿರುಗು, ಮತ್ತೆ ಸ್ವಲ್ಪ ಮುಂದೆ, ಮತ್ತೆ ಸ್ವಲ್ಪ ತಿರುಗು. ನಮ್ಮ ಪಡಸಾಲೆಯಲ್ಲಿ ನಾನು ಮಾಡಿದ್ದೂ ಇದನ್ನೇ.

ಆದರೆ ಟೈಪ್ ಮಾಡಲು ಅಕ್ಷರ ಬರಬೇಕಲ್ಲ? ಮೂರು ನಾಲ್ಕು ವರ್ಷದವರು ಏನು ಮಾಡಬೇಕು? 1970ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಕೈ ಹಾಕಿದರು. ಮೊದಲು ಅವರು ಮಾಡಿದ್ದು ಬಟನ್ ಪೆಟ್ಟಿಗೆ. ಒತ್ತಿದರೆ ಆಮೆ ಚಲಿಸುತ್ತದೆ. ಜೊತೆಗೆ ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ಇನ್ನೊಂದು ಪೆಟ್ಟಿಗೆ. ಹೆಚ್ಚು ಕಡಿಮೆ ಇವತ್ತಿನ ಬೀ-ಬಾಟ್! ಅದರಲ್ಲೂ ನೆನಪು ಕಣ್ಣಿಗೆ ಕಾಣುವುದಿಲ್ಲ.

ಆಮೇಲೆ ಅವರು ‘ಸ್ಲಾಟ್ ಮೆಷಿನ್’ ಕಟ್ಟಿದರು. ಜೂಜಿನ ಯಂತ್ರ ಅಂದುಕೊಳ್ಳಬೇಡಿ. ಬಣ್ಣಬಣ್ಣದ ಉದ್ದನೆಯ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಸಾಲಾಗಿ ಸೀಳುಗಂಡಿಗಳು. ಚಿತ್ರ ಇರುವ ಪ್ಲಾಸ್ಟಿಕ್ ಕಾರ್ಡುಗಳನ್ನು ಆ ಗಂಡಿಗಳಿಗೆ ಸಿಕ್ಕಿಸಬೇಕು. ಪಕ್ಕದ ಬಟನ್ ಒತ್ತಿದರೆ ಎಡದಿಂದ ಬಲಕ್ಕೆ ಒಂದೊಂದೇ ಕಾರ್ಡಿನ ಕೆಲಸ ನಡೆಯುತ್ತದೆ. ಈಗ ಯಾವ ಕಾರ್ಡಿನ ಸರದಿ ಅನ್ನೋದನ್ನು ಅಲ್ಲೇ ಹೊತ್ತಿಕೊಳ್ಳುವ ಪುಟ್ಟ ದೀಪ ತೋರಿಸುತ್ತದೆ. ಒಂದು ಬಣ್ಣದ ಪೆಟ್ಟಿಗೆಯಲ್ಲಿ ಇನ್ನೊಂದು ಬಣ್ಣದ ಕಾರ್ಡು ಸಿಕ್ಕಿಸಿದರೆ ಆಟ ಆ ಬಣ್ಣದ ಪೆಟ್ಟಿಗೆಗೆ ಹೋಗುತ್ತದೆ. ಒಂದು ಪ್ರೋಗ್ರಾಮಿನ ನಡುವೆ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ಕರೆಯುವುದಕ್ಕೆ ದೊಡ್ಡ ಪ್ರೋಗ್ರಾಮರುಗಳು ‘ಸಬ್‌ರುಟೀನ್’ ಅನ್ನುತ್ತಾರಲ್ಲ, ಅದನ್ನು ಅಕ್ಷರ ಬಾರದ ಮಗುವಿಗೆ ಎರಡು ಬಣ್ಣದಲ್ಲಿ ಹೇಳಿಬಿಟ್ಟರು.

ಮಗುವಿನ ಕಡೆಯಿಂದ ಇದನ್ನು ನೋಡಿ. ಆಮೆ ತಪ್ಪು ದಾರಿ ಹಿಡಿದ ಕ್ಷಣದಲ್ಲಿ ದೀಪ ಯಾವ ಕಾರ್ಡಿನ ಹತ್ತಿರ ಇತ್ತೋ ಅದೇ ಕಳ್ಳ ಕಾರ್ಡು. ಅದೊಂದನ್ನು ಕಿತ್ತು ಬೇರೆ ಹಾಕಿದರಾಯಿತು, ಉಳಿದ ಐದಕ್ಕೆ ಕೈ ಹಚ್ಚಬೇಕಿಲ್ಲ. ಮರೆತರೂ ಪರವಾಗಿಲ್ಲ, ಕಾರ್ಡು ಅಲ್ಲೇ ಇದೆ. ಅಕ್ಕ ತಂಗಿ ಇಬ್ಬರೂ ಒಂದೇ ಸಾಲನ್ನು ನೋಡುತ್ತಾ ಜಗಳ ಆಡಬಹುದು.

ಪರ್ಲ್‌ಮನ್ ಈ ಕೆಲಸವನ್ನು ಅಲ್ಲಿಗೇ ಬಿಟ್ಟರು. ಮುದ್ದು ಮಕ್ಕಳ ಜೊತೆ ಕೆಲಸ ಮಾಡುವ ಹೆಂಗಸು ಅಂತಾದರೆ ತನ್ನನ್ನು ಯಾರೂ ವಿಜ್ಞಾನಿ ಅಂತ ಗಣನೆಗೆ ತಗೊಳ್ಳಲ್ಲ ಅನ್ನುವ ಅಳುಕು ಇತ್ತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮುಂದೆ ಕಂಪ್ಯೂಟರ್ ನೆಟ್‌ವರ್ಕುಗಳಲ್ಲಿ ಮಾಹಿತಿ ಸುತ್ತಿದಲ್ಲೇ ಸುತ್ತದಂತೆ ನೋಡಿಕೊಳ್ಳುವ ‘ಸ್ಪ್ಯಾನಿಂಗ್ ಟ್ರೀ’ ವಿಧಾನ ಕಂಡುಹಿಡಿದು ದೊಡ್ಡ ಹೆಸರು ಮಾಡಿದರು. ನಷ್ಟ ಆದದ್ದು ಮಕ್ಕಳಿಗೆ.

ಅವರ ಯೋಚನೆ ಮತ್ತೆ ಬೇರೆ ಬೇರೆ ಕೈಗಳಲ್ಲಿ ಚಿಗುರಿತು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮರೀನಾ ಬೇರ್ಸ್ ಅವರ ತಂಡದ ಸಂಶೋಧನೆಯಿಂದ ಬಂದ ‘ಕೀಬೋ’ ರೋಬೋ ಇವತ್ತು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಸಿಗುತ್ತದೆ. ಅದರ ಪ್ರೋಗ್ರಾಂ ಅಂದರೆ ಮರದ ದಿಮ್ಮಿಗಳು. ಪ್ರತಿ ದಿಮ್ಮಿಯ ಮೇಲೆ ಒಂದು ಚಿತ್ರ, ಒಂದು ಬಾರ್‌ಕೋಡ್. ಮಗು ದಿಮ್ಮಿಗಳನ್ನು ಸಾಲಾಗಿ ಜೋಡಿಸಿ, ಅಂಗಡಿಯಲ್ಲಿ ಬಿಸ್ಕೆಟ್ ಪ್ಯಾಕ್ ಸ್ಕ್ಯಾನ್ ಮಾಡುವ ಹಾಗೆ ಒಂದೊಂದನ್ನೇ ರೋಬೋಗೆ ತೋರಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ದಿಮ್ಮಿಗಳ ತುದಿ. ಸಾಮಾನ್ಯ ದಿಮ್ಮಿಗೆ ಒಂದು ಕಡೆ ಗೂಟ, ಇನ್ನೊಂದು ಕಡೆ ತೂತು. ‘ಶುರು’ ದಿಮ್ಮಿಗೆ ಗೂಟ ಮಾತ್ರ. ‘ಮುಗೀತು’ ದಿಮ್ಮಿಗೆ ತೂತು ಮಾತ್ರ. ‘ಶುರು’ವಿನ ಹಿಂದೆ ಏನನ್ನಾದರೂ ಸೇರಿಸೋಣ ಅಂದರೆ ಸೇರುವುದೇ ಇಲ್ಲ. ಕೋಡಿಂಗ್‌ನ ವ್ಯಾಕರಣವನ್ನು ಬಡಗಿಯೇ ಕೆತ್ತಿಟ್ಟಿದ್ದಾನೆ. ಕಂಪ್ಯೂಟರ್ ಮೇಲೆ ಕೆಂಪು ಅಕ್ಷರದಲ್ಲಿ ಬರುವ ‘ತಪ್ಪು’ ಅನ್ನುವ ಬೈಗುಳ ಇಲ್ಲಿ ಕೈಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಿಲ್ಲ. ಅದರ ಸೆನ್ಸರುಗಳೂ ಹಾಗೇ. ಸದ್ದು ಕೇಳುವುದು ಕಿವಿಯ ಆಕಾರದಲ್ಲಿದೆ, ಬೆಳಕು ನೋಡುವುದು ಕಣ್ಣಿನ ಆಕಾರದಲ್ಲಿದೆ.

ಇದು ಹೊಸ ಜಾಣತನವೇನಲ್ಲ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮರಿಯಾ ಮಾಂಟೆಸ್ಸೊರಿ ಶುರುಮಾಡಿದ ಮಕ್ಕಳ ಮನೆಯ ಸಾಮಾನುಗಳಲ್ಲೇ ಈ ಬುದ್ಧಿ ಇತ್ತು. ಮರದ ಹಲಗೆಯಲ್ಲಿ ಹತ್ತು ತೂತು, ಅವುಗಳಿಗೆ ಹತ್ತು ಗುಂಡನೆಯ ಗೂಟ, ಪ್ರತಿಯೊಂದಕ್ಕೂ ತನ್ನದೇ ಅಳತೆ. ಒಂದನ್ನು ತಪ್ಪು ತೂತಿಗೆ ಹಾಕಿದರೆ ಕೊನೆಗೆ ಒಂದು ಗೂಟ ಜಾಗ ಸಿಗದೆ ಕೈಯಲ್ಲೇ ಉಳಿಯುತ್ತದೆ. ಟೀಚರ್ ಬಾಯಿ ಬಿಡುವ ಮೊದಲೇ ಮಗು ಹಿಂದೆ ಹೋಗಿ ನೋಡುತ್ತದೆ. ಇವತ್ತು ಅದೆಷ್ಟೋ ‘ಸ್ಮಾರ್ಟ್’ ಆಟಿಕೆಗಳು ತಪ್ಪಾದ ತಕ್ಷಣ ‘ಟ್ರೈ ಅಗೇನ್’ ಅಂತ ಅರಚುತ್ತವೆ. ಎಲ್ಲಿ ತಪ್ಪಾಯಿತು ಅನ್ನುವುದನ್ನು ಮಾತ್ರ ಹೇಳಲ್ಲ. ಅಂಥದ್ದೊಂದನ್ನು ನಾನೂ ದುಡ್ಡು ಕೊಟ್ಟು ತಂದಿದ್ದೆ. ಅದರ ಬ್ಯಾಟರಿಯನ್ನು ಮೊದಲು ತೆಗೆದವರು ನಮ್ಮಮ್ಮ.

ಸರಿ, ಇದನ್ನೆಲ್ಲ ಟ್ಯಾಬ್ಲೆಟ್ಟಿನಲ್ಲೇ ಮಾಡಬಹುದಲ್ವಾ? ಚಿತ್ರದ ದಿಮ್ಮಿಗಳನ್ನು ಬೆರಳಲ್ಲಿ ಎಳೆದು ಜೋಡಿಸಿದರಾಯಿತು. ಅವೂ ಕಣ್ಣೆದುರೇ ಇರುತ್ತವೆ. ನ್ಯಾಯವಾದ ಪ್ರಶ್ನೆ. ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಮೈಕಲ್ ಹಾರ್ನ್ ಮತ್ತು ಜೊತೆಗಾರರು ಬಾಸ್ಟನ್ನಿನ ವಿಜ್ಞಾನ ಮ್ಯೂಸಿಯಂನಲ್ಲಿ ಒಂದು ರೋಬೋ ಇಟ್ಟರು. ಕೆಲವು ದಿನ ಅದನ್ನು ಮರದ ಜಿಗ್ಸಾ ತುಂಡುಗಳಿಂದ ನಡೆಸಬೇಕು, ಕೆಲವು ದಿನ ಸ್ಕ್ರೀನ್ ಮತ್ತು ಮೌಸ್‌ನಿಂದ. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅರ್ಥ ಮಾಡಿಕೊಳ್ಳಲು ಎರಡೂ ಒಂದೇ ಥರ ಸುಲಭ. ಮರ ಹಿಡಿದವರು ಜಾಸ್ತಿ ಜಾಣರೇನೂ ಆಗಲಿಲ್ಲ.

ವ್ಯತ್ಯಾಸ ಬೇರೆ ಕಡೆ ಕಂಡಿತು. ಮರದ ತುಂಡುಗಳಿದ್ದಾಗ ನಿಂತು ಪ್ರಯತ್ನ ಮಾಡಿದವರು ಜಾಸ್ತಿ. ಗುಂಪಾಗಿ ಕೈ ಹಾಕಿದವರು ಜಾಸ್ತಿ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತಾವೇ ಮುಂದೆ ಬಂದು ಆಡಿದ್ದು ಜಾಸ್ತಿ. ಮೌಸ್ ಒಂದೇ ಇರುತ್ತದೆ, ಹಿಡಿದವರದ್ದೇ ರಾಜ್ಯ. ಮರದ ತುಂಡುಗಳು ಇಪ್ಪತ್ತಿದ್ದರೆ ಇಪ್ಪತ್ತು ಕೈಗೂ ಕೆಲಸ. ಮದುವೆಮನೆಯಲ್ಲಿ ತರಕಾರಿ ಹೆಚ್ಚಲು ಕೂತ ಹಾಗೆ. ಹಾಗಾಗಿ ಯಾರಾದರೂ ‘ಈ ಆಟಿಕೆ ಕೊಟ್ಟರೆ ಮಗುವಿನ ಬುದ್ಧಿ ಬೆಳೆಯುತ್ತೆ’ ಅಂತ ಮಾರಲು ಬಂದರೆ ನಾನು ಸ್ವಲ್ಪ ಹುಷಾರಾಗುತ್ತೇನೆ. ‘ನಾಲ್ಕು ಮಕ್ಕಳು ಒಟ್ಟಿಗೆ ಆಡಬಹುದಾ?’ ಅಂತ ಕೇಳುತ್ತೇನೆ.

ಆ ಜಿಗ್ಸಾ ತುಂಡುಗಳೊಳಗೆ ಒಂದು ವೈರೂ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಮೇಲೆ ಗುಂಡನೆಯ ಒಂದು ಗುರುತು ಅಚ್ಚು ಹಾಕಿದ್ದರು, ಅಷ್ಟೇ. ಕ್ಯಾಮೆರಾ ಒಂದು ಫೋಟೋ ತೆಗೆದು ಗುರುತು ಓದಿಕೊಳ್ಳುತ್ತಿತ್ತು. ತುಂಡು ಕಳೆದುಹೋದರೆ ಇನ್ನೊಂದು ಕೊಯ್ದರಾಯಿತು. ಚನ್ನಪಟ್ಟಣದ ಮರದ ಕೆಲಸ ನೋಡಿದವರಿಗೆ ಇದನ್ನು ಓದುವಾಗ ಕೈ ತುರಿಸುತ್ತದೆ. ನುಣುಪಾದ ಮರ, ಗಟ್ಟಿ ಅರಗಿನ ಬಣ್ಣ ನಮ್ಮಲ್ಲಿ ಇದ್ದೇ ಇದೆ. ಬೇಕಾದ್ದು ಒಂದು ಗುರುತು, ಒಂದು ಫೋನ್ ಕ್ಯಾಮೆರಾ.

ಕೈಗೆ ಸಿಗುವುದೆಲ್ಲ ಒಳ್ಳೆಯದೇ ಅಂತಲೂ ಅಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ಆಟಿಕೆಗಳು ಇಲ್ಲೇ ಎಡವುತ್ತವೆ.

ಮನೋವಿಜ್ಞಾನಿ ಜೂಡಿ ಡಿಲೋಶ್ 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಕೋಣೆ, ಪಕ್ಕದಲ್ಲಿ ಅದೇ ಕೋಣೆಯ ಪುಟ್ಟ ಮಾದರಿ. ಅದೇ ಸೋಫಾ, ಅದೇ ಕಪಾಟು, ಎಲ್ಲ ಚಿಕ್ಕದು. ಪುಟ್ಟ ಕೋಣೆಯಲ್ಲಿ ಪುಟ್ಟ ಗೊಂಬೆಯನ್ನು ಮಗುವಿನ ಎದುರೇ ಬಚ್ಚಿಡುತ್ತಾರೆ. ‘ದೊಡ್ಡ ಗೊಂಬೆಯೂ ದೊಡ್ಡ ಕೋಣೆಯಲ್ಲಿ ಇದೇ ಜಾಗದಲ್ಲಿದೆ, ಹುಡುಕು’ ಅನ್ನುತ್ತಾರೆ. ಮೂರು ವರ್ಷದ ಮಕ್ಕಳು ಹೆಚ್ಚಿನಂಶ ಸೀದಾ ಹೋಗಿ ತೆಗೆದರು. ಎರಡೂವರೆ ವರ್ಷದವರು ಹೆಚ್ಚಿನಂಶ ಸೋತರು. ಮರೆತಿದ್ದಕ್ಕಲ್ಲ, ಪುಟ್ಟ ಗೊಂಬೆ ಎಲ್ಲಿದೆ ಅಂದರೆ ಸರಿಯಾಗಿ ತೋರಿಸುತ್ತಿದ್ದರು. ಆ ಪುಟ್ಟ ಕೋಣೆ ಇನ್ನೊಂದು ಕೋಣೆಯ ಗುರುತೂ ಹೌದು ಅನ್ನೋದು ಅವರಿಗೆ ಹೊಳೆಯುತ್ತಿರಲಿಲ್ಲ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯ. ಮಾದರಿಯನ್ನು ಗಾಜಿನ ಹಿಂದೆ ಇಟ್ಟು, ಮುಟ್ಟಲು ಬಿಡದೆ ತೋರಿಸಿದಾಗ ಚಿಕ್ಕವರು ಮೊದಲಿಗಿಂತ ಚೆನ್ನಾಗಿ ಹುಡುಕಿದರು. ಮೂರು ವರ್ಷದವರಿಗೆ ಮೊದಲು ಆ ಮಾದರಿಯ ಜೊತೆ ಚೆನ್ನಾಗಿ ಆಡಿಕೊಳ್ಳಲು ಬಿಟ್ಟಾಗ ಅವರು ಮೊದಲಿಗಿಂತ ಕೆಟ್ಟದಾಗಿ ಹುಡುಕಿದರು! ಆಡಿದಷ್ಟೂ ಅದು ಆಟದ ಸಾಮಾನಾಯಿತು. ಗುರುತಾಗಿ ಕಾಣುವುದು ಕಮ್ಮಿಯಾಯಿತು.

ಲೆಕ್ಕ ಕಲಿಸಲು ಮಗುವಿಗೆ ಹತ್ತು ಡೈನೋಸಾರ್ ಗೊಂಬೆ ಕೊಡಿ, ಕುಸ್ತಿ ಆಡಿಸುತ್ತದೆ. ಹತ್ತು ಹುಣಸೆಬೀಜ ಕೊಡಿ, ಎಣಿಸುತ್ತದೆ. ಬೀಜಕ್ಕೆ ತನ್ನದೇ ಅಂತ ಕಥೆ ಇಲ್ಲ, ಹಾಗಾಗಿ ಅದು ಸಂಖ್ಯೆಯಾಗಲು ಒಪ್ಪುತ್ತದೆ. ದೀಪ, ಹಾಡು, ಮಾತು, ತುಪ್ಪಳ ಎಲ್ಲ ತುಂಬಿದ ಆಟಿಕೆಯಲ್ಲಿ ಕಲಿಸಬೇಕಾದ ವಿಷಯವೇ ಮೂಲೆಗೆ ಸೇರಿರುತ್ತದೆ. 2012ರಲ್ಲಿ ಎಂಐಟಿಯ ಇಬ್ಬರು ಹೊರತಂದ, ಕಂಪ್ಯೂಟರಿಗೆ ಸಿಕ್ಕಿಸುವ ‘ಮೇಕಿ ಮೇಕಿ’ ಅನ್ನುವ ಪುಟ್ಟ ಬೋರ್ಡು ನೆನಪಾಗುತ್ತದೆ. ವೈರ್ ಚುಚ್ಚಿದ ಬಾಳೆಹಣ್ಣು ಮುಟ್ಟಿದರೆ ಪಿಯಾನೋ ನುಡಿಯುತ್ತದೆ. ಮಕ್ಕಳು ಕುಣಿಯುತ್ತಾರೆ. ಆದರೆ ಬಾಳೆಹಣ್ಣಿಗೂ ಸ್ವರಕ್ಕೂ ಸಂಬಂಧ ಏನು? ನಿಜವಾದ ವಿಷಯ ಇರುವುದು ಮಗುವಿನ ಇನ್ನೊಂದು ಕೈಯಲ್ಲಿ. ಆ ಕೈಯಲ್ಲಿ ಹಿಡಿದ ವೈರ್ ಬಿಟ್ಟರೆ ಸದ್ದು ನಿಲ್ಲುತ್ತದೆ, ಯಾಕೆಂದರೆ ಕರೆಂಟಿನ ದಾರಿ ಮಗುವಿನ ಮೈಯೊಳಗಿಂದಲೇ ಹಾದುಹೋಗುತ್ತಿತ್ತು. ಹೆದರಬೇಡಿ, ತೀರಾ ಸಣ್ಣ ಕರೆಂಟು. ನಾಲ್ಕು ಮಕ್ಕಳು ಕೈ ಕೈ ಹಿಡಿದು ನಿಂತರೂ ನುಡಿಯುತ್ತದೆ, ಒಬ್ಬರು ಬಿಟ್ಟರೆ ಇಲ್ಲ. ಸರ್ಕ್ಯೂಟ್ ಅಂದರೆ ಏನು ಅಂತ ಅಲ್ಲಿ ಕಾಣುತ್ತದೆ. ಬಾಳೆಹಣ್ಣಿನ ಫೋಟೋದಲ್ಲಿ ಅದು ಕಾಣಲ್ಲ.

ಇಂಥದ್ದೊಂದನ್ನು ನೀವೇ ಕಟ್ಟಬೇಕು ಅಂತಿದ್ದರೆ ಸೋಲ್ಡರಿಂಗ್ ಐರನ್ ಆಮೇಲೆ ಕೈಗೆತ್ತಿಕೊಳ್ಳಿ. ಮೊದಲು ರಟ್ಟು ಸಾಕು. ತೊಗಲುಗೊಂಬೆ ಆಟದವರ ಹಾಗೆ ತೆರೆಯ ಹಿಂದೆ ಒಬ್ಬರು ಕೂತು, ಮಗು ರಟ್ಟಿನ ಬಟನ್ ಒತ್ತಿದಾಗ ದಾರ ಎಳೆದು ಗಾಡಿ ಓಡಿಸಿ. ಯಂತ್ರ ಇನ್ನೂ ಹುಟ್ಟಿಲ್ಲ, ಆದರೆ ಮಗು ಎಲ್ಲಿ ತಡವರಿಸುತ್ತದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಲಿಸನ್ ಡ್ರುಯಿನ್ 1990ರ ದಶಕದಿಂದ ಮಕ್ಕಳನ್ನೇ ವಿನ್ಯಾಸದ ತಂಡಕ್ಕೆ ಸೇರಿಸಿಕೊಂಡರು. ದೊಡ್ಡವರೂ ಮಕ್ಕಳ ಜೊತೆ ಕೂತು, ಕಾಗದ, ಗೋಂದು, ದಾರ ಹಿಡಿದು ಮಾದರಿ ಮಾಡುವುದು ಅಲ್ಲಿನ ಪದ್ಧತಿ. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ಮಕ್ಕಳು ಹೂಂ ಅನ್ನುತ್ತಾರೆ. ಕೇಳಬೇಡಿ, ಕೈ ನೋಡಿ. ಬಟನ್ ಒತ್ತಿದ ಮೇಲೆ ಯಂತ್ರ ಒಂದು ಕ್ಷಣ ಸುಮ್ಮನಿದ್ದರೂ ಮಗು ಮತ್ತೆ ಒತ್ತುತ್ತದೆ, ಮತ್ತೆ ಮತ್ತೆ ಒತ್ತುತ್ತದೆ. ಒತ್ತಿದ ಕೂಡಲೇ ಒಂದು ‘ಟಿಕ್’ ಆದರೂ ಬರಬೇಕು.

ಸುರಕ್ಷತೆಯ ಮಾತು ಚಿಕ್ಕದಾಗಿ. ಮೂರು ವರ್ಷದ ಒಳಗಿನವರಿಗೆ ಬಿಡಿಭಾಗ ಗಂಟಲಿಗೆ ಸಿಕ್ಕಿಕೊಳ್ಳಬಾರದು. ಅದನ್ನು ಅಳೆಯಲು 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಪೂರ್ತಿ ಅದರೊಳಗೆ ಇಳಿಯುವ ಯಾವುದೇ ತುಂಡು ಕೊಡುವಂತಿಲ್ಲ. ಬಟನ್ ಬ್ಯಾಟರಿ ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು, ಆದ್ದರಿಂದ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಕೊಳ್ಳುವಾಗ ನೋಡಿ.

ನಮ್ಮಲ್ಲಿ ಇದರ ಒಂದು ಎಳೆ ಮೊದಲಿನಿಂದ ಇದೆ ಅನ್ನಿಸುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪಾಠಪದ್ಧತಿಯಲ್ಲಿ ಕರೆಂಟು ಇಲ್ಲ, ಚಿಪ್ ಇಲ್ಲ. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಚಿತ್ರದ ಗುರುತಿರುವ ಕಾರ್ಡು. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಒಂದನೇ ಕ್ಲಾಸಿನ ಮಗುವೇ ನೋಡಿಕೊಳ್ಳಬಹುದು. ಟೀಚರ ರಿಜಿಸ್ಟರಿನೊಳಗೆ ಅಡಗಿರಬಹುದಾಗಿದ್ದ ವಿಷಯ ಗೋಡೆಗೆ ಬಂದು ಕೂತಿದೆ.

ಮತ್ತೆ ನಮ್ಮ ಹುಳದ ಕಥೆಗೆ. ಆ ಸಂಜೆ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಬಾಣದ ಕಾರ್ಡು ಮಾಡಿದೆವು. ಹೊಸ ನಿಯಮ: ಮೊದಲು ನೆಲದ ಮೇಲೆ ಕಾರ್ಡು ಜೋಡಿಸಬೇಕು, ಆಮೇಲೆ ಅದನ್ನು ನೋಡಿಕೊಂಡು ಬಟನ್ ಒತ್ತಬೇಕು, ಒತ್ತುವ ಮೊದಲು ಹಳೆಯದನ್ನು ಅಳಿಸಬೇಕು. ಮೊದಲನೇ ಸಲ ಹುಳ ಮತ್ತೆ ತಪ್ಪು ಮನೆಗೆ ಹೋಯಿತು. ಅವಳು ಹುಳವನ್ನು ಬೈಯಲಿಲ್ಲ. ಕಾರ್ಡಿನ ಸಾಲಿನ ಹತ್ತಿರ ಕೂತು, ಒಂದೊಂದರ ಮೇಲೂ ಬೆರಳಿಟ್ಟು, ಬಾಯಲ್ಲಿ ‘ಮುಂದೆ, ಮುಂದೆ, ತಿರುಗು’ ಅಂತ ಹೇಳುತ್ತಾ ಹೋದಳು. ನಾಲ್ಕನೇ ಕಾರ್ಡಿಗೆ ಬೆರಳು ನಿಂತಿತು. ‘ಇವನೇ’ ಅಂದಳು. ಅದನ್ನು ಮಗುಚಿ ಹಾಕಿ ಬೇರೆ ಇಟ್ಟಳು.

ಮಾರನೇ ದಿನ ಎದ್ದಾಗ ಅವಳೇ ಒಂದು ಹೊಸ ಕಾರ್ಡು ಮಾಡಿಟ್ಟಿದ್ದಳು. ಬಾಣ ಇರಲಿಲ್ಲ, ಒಂದು ಕಾಲು ಬರೆದಿತ್ತು. ‘ಇದೇನೇ?’ ಅಂದೆ. ‘ಕುಂಟೆಬಿಲ್ಲೆ ಮಾಮ. ಇಲ್ಲಿಗೆ ಬಂದಾಗ ಒಂದೇ ಕಾಲಲ್ಲಿ ಹಾರಬೇಕು.’ ಹುಳಕ್ಕೆ ಅಂಥ ಬಟನ್ ಇಲ್ಲ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಅದರ ಬೆನ್ನು ನೋಡಿದಳು. ಆಮೇಲೆ ಅದನ್ನೆತ್ತಿ ಸೋಫಾ ಮೇಲಿಟ್ಟು, ಕಾರ್ಡುಗಳನ್ನು ಸಾಲಾಗಿ ಜೋಡಿಸಿ, ಮೊದಲನೇ ಮನೆಯಲ್ಲಿ ತಾನೇ ನಿಂತು, ‘ಗೋ ಒತ್ತು’ ಅಂತ ಬೆನ್ನು ತಿರುಗಿಸಿದಳು.